ಬಾಗಿಲು ಒಡೀಬೇಡಿ

ರೇಡಿಯೋ ಮೇಷ್ಟ್ರ ಮನೆಯ ಕರೆಗಂಟೆ ಮೂಕವಾಗಿ ನಾಲ್ಕು ದಿನವಾಗಿತ್ತು. ಟ್ರಿಣ್ ಎನ್ನುವ ಗಂಟೆಯಲ್ಲ ಅದು, ಮಾತಾಡುವ ಗಂಟೆ. ಒತ್ತಿದರೆ "ಬಂದೆ ಇರಿ, ಬಾಗಿಲು ಒಡೀಬೇಡಿ" ಎಂದು ಅವರ ಹೆಂಡತಿಯ ದನಿಯಲ್ಲಿ ಗದರುತ್ತಿತ್ತು. ಆಕೆ ತೀರಿಕೊಂಡು ಎರಡು ವರ್ಷವಾದರೂ ಗದರಿಕೆ ನಿಂತಿರಲಿಲ್ಲ. ಮೇಷ್ಟ್ರು ಹೊರಗೆ ಹೋಗಿ ಬಂದಾಗಲೆಲ್ಲ, ಕೀಲಿ ಜೇಬಿನಲ್ಲೇ ಇದ್ದರೂ, ಒಮ್ಮೆ ಒತ್ತಿ ಬೈಸಿಕೊಂಡೇ ಒಳಗೆ ಹೋಗುತ್ತಿದ್ದರು.

ದನಿ ಹಿಡಿದಿಟ್ಟಿದ್ದ ಚಿಪ್ ಗಟ್ಟಿಯಾಗಿಯೇ ಇತ್ತು. ಹಾಳಾದದ್ದು ಎರಡು ಗುಂಡಿಗಳಿದ್ದ ಸರ್ಕ್ಯೂಟ್ ಹಲಗೆ. ಎಡಗಡೆಯ ಗುಂಡಿ ಮಾತಾಡಿಸುವುದಕ್ಕೆ, ಬಲಗಡೆಯದು, ಒತ್ತಿ ಹಿಡಿದು, ಹಳೆಯದನ್ನು ಅಳಿಸಿ ಹೊಸ ಮಾತು ತುಂಬುವುದಕ್ಕೆ. ತರಬೇತಿ ಶಾಲೆಯಲ್ಲಿ ಮೂವತ್ತು ವರ್ಷ ಇದನ್ನೇ ಕಲಿಸಿದವರಿಗೆ ಹೊಸ ಹಲಗೆ ಯಾವ ಮಹಾ? ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಅಚ್ಚು ಹಾಕಿಸಬೇಕು. ಅದನ್ನು ತಾಮ್ರ ಹೊದಿಸಿದ ಹಲಗೆಯ ಮೇಲೆ ಬೋರಲಿಟ್ಟು ಇಸ್ತ್ರಿ ಒತ್ತಿದರೆ ಕಪ್ಪು ಗೆರೆಗಳು ನೆಟ್ಟಗೆ ಅಂಟಿಕೊಳ್ಳುತ್ತವೆ. ಆಮೇಲೆ ಫೆರಿಕ್ ಕ್ಲೋರೈಡಿನ ಕಂದು ನೀರಿನಲ್ಲಿ ಅದ್ದಿದರೆ, ಗೆರೆಯ ಅಡಿಯ ತಾಮ್ರ ಉಳಿದು ಮಿಕ್ಕದ್ದು ಕರಗಿಹೋಗುತ್ತದೆ.

ಬೆಳಿಗ್ಗೆ ಗೆರೆ ಚೆನ್ನಾಗಿಯೇ ಅಂಟಿತು. ಮೇಷ್ಟ್ರು ಕೈಗವಸು ಹುಡುಕಲು ಒಳಗೆ ಹೋದದ್ದೇ ತಪ್ಪಾಯಿತು. ಈ ಮನೆಯ ಚೊಕ್ಕಟವನ್ನು ಯಾರೂ ಕೇಳದೆಯೇ ವಹಿಸಿಕೊಂಡಿದ್ದ ಎದುರುಮನೆಯ ಅಕ್ಕ ಅಷ್ಟರಲ್ಲಿ ಬಂದು, ಹಲಗೆಯನ್ನು ಪಾತ್ರೆ ಉಜ್ಜುವ ನಾರಿನಿಂದ ಬೆಳಗಿಬಿಟ್ಟಿದ್ದಳು.

"ಅದೆಷ್ಟು ಮಸಿ ಹಿಡಿದಿತ್ತು ಮೇಷ್ಟ್ರೇ. ಉಜ್ಜಿ ಉಜ್ಜಿ ಕೈ ಬಿದ್ದುಹೋಯ್ತು."

ತಾಮ್ರ ಫಳಫಳ ಹೊಳೆಯುತ್ತಿತ್ತು. ಗೆರೆಗಳಲ್ಲಿ ಒಂದೂ ಉಳಿದಿರಲಿಲ್ಲ. ಮೇಷ್ಟ್ರಿಗೆ ಅಳುವೇ ಬಂತು. ಬಾಯಲ್ಲಿ ಮಾತ್ರ, ಬಹಳ ಉಪಕಾರವಾಯಿತು ಎಂದರು.

ಮತ್ತೆ ಕೆಳಗಿನ ಪ್ರಿಂಟ್ ಅಂಗಡಿಗೆ ಓಡಿದರು. ಬೆಳಿಗ್ಗೆ ಅಂಗಡಿಯ ಇಬ್ಬರು ಸೋದರರಲ್ಲಿ ತಮ್ಮ ಇದ್ದ. ಈಗ ಅಣ್ಣ ಕೂತಿದ್ದ. ಅವನು ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿ, ಏನೋ ಒತ್ತಿ, ಹಾಳೆಯನ್ನು ಸುರುಳಿ ಸುತ್ತಿ ಕೊಟ್ಟ. ಅಕ್ಕ ಮತ್ತೆ ಬರುವುದರೊಳಗೆ ಮುಗಿಸಬೇಕೆಂಬ ಧಾವಂತದಲ್ಲಿ ಮೇಷ್ಟ್ರು ಬಿಚ್ಚಿದ್ದೇ ಬೋರಲಿಟ್ಟು ಇಸ್ತ್ರಿ ಒತ್ತಿದರು. ಅದ್ದುವ ಆತುರಕ್ಕೆ ನೀರು ಸಿಡಿಯಿತು. ಅಂಗಿ ಕೆಟ್ಟಿತು, ಕನ್ನಡಕಕ್ಕೂ ಹಾರಿ ಲೋಕವೆಲ್ಲ ಕಂದಾಯಿತು. ಒರೆಸಲು ವ್ಯವಧಾನವೆಲ್ಲಿ?

ಸಂಜೆ ಚಿಪ್ ಜೋಡಿಸುವಾಗ ಅಕ್ಕ ಒಂದು ಪಕ್ಕ, ಪ್ರಿಂಟ್ ಅಂಗಡಿಯಣ್ಣ ಇನ್ನೊಂದು ಪಕ್ಕ ಉಸಿರು ಹಿಡಿದು ನಿಂತಿದ್ದರು. ಮೇಷ್ಟ್ರು ಎಡಗಡೆಯ ಗುಂಡಿ ಒತ್ತಿದರು. ಕೆಂಪು ದೀಪ ಹೊತ್ತಿತು. ದನಿ ಬರಲಿಲ್ಲ. ಬೆರಳು ತೆಗೆಯಲು ಮನಸ್ಸಾಗದೆ, ಪಕ್ಕದವರನ್ನೂ ಮರೆತು ಗಂಟೆಯ ಮೇಲೆ ಬಾಗಿದರು.

"ಎಲ್ಲಿದ್ದೀಯೇ? ಒಂದ್ಸಲ ಮಾತಾಡೇ. ಮನೆ ಬಿಕೋ ಅಂತಿದೆ."

ಅಕ್ಕ ಕಣ್ಣೊರೆಸಿಕೊಂಡಳು. ಅಂಗಡಿಯಣ್ಣ ತಡೆಯಲಾರದೆ ಬಲಗಡೆಯ ಗುಂಡಿ ಒತ್ತಿದ.

"ಎಲ್ಲಿದ್ದೀಯೇ? ಒಂದ್ಸಲ ಮಾತಾಡೇ. ಮನೆ ಬಿಕೋ ಅಂತಿದೆ" ಎಂದಿತು ಗಂಟೆ, ಮೇಷ್ಟ್ರ ದನಿಯಲ್ಲೇ.

"ನೋಡಿ, ಕೆಲಸ ಮಾಡ್ತಿದೆ" ಎಂದ ಅಂಗಡಿಯಣ್ಣ. "ನೀವು ಕೊಟ್ಟ ನಕ್ಷೇಲಿ ಅಕ್ಷರ ಎಲ್ಲ ಉಲ್ಟಾ ಇತ್ತು ಮೇಷ್ಟ್ರೇ. ವಯಸ್ಸಾದವರು, ಗಮನಿಸಿಲ್ಲ ಅಂತ ನಾನೇ ಸರಿ ಮಾಡಿ ಅಚ್ಚು ಹಾಕ್ದೆ."

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಹಲಗೆ ನೋಡಿದರು. ಎಡ ಬಲಕ್ಕೆ ಹೋಗಿತ್ತು, ಬಲ ಎಡಕ್ಕೆ ಬಂದಿತ್ತು. ಹೆಂಡತಿಯ ದನಿಯನ್ನು ಅವರ ಬೆರಳೇ ಅಳಿಸಿತ್ತು. ಯಾರನ್ನು ಬೈಯುವುದು? ಅವರು ಕುರ್ಚಿಯಲ್ಲಿ ಕುಸಿದರು. ಅವರಿಗೆ ಸುಸ್ತಾಗಿದೆಯೆಂದು ಇಬ್ಬರೂ ಸೇರಿ ಗಂಟೆಯನ್ನು ಬಾಗಿಲಿಗೆ ಜೋಡಿಸಿಯೇ ಹೋದರು.

ಮರುದಿನ ಬೆಳಿಗ್ಗೆ ಯಾರೋ ಗುಂಡಿ ಒತ್ತಿದರು. ಎಲ್ಲಿದ್ದೀಯೇ ಎಂದು ಗಂಟೆ ಅಂಗಲಾಚಿತು.

"ಇಲ್ಲೇ ಇದೀನಲ್ಲ ಮೇಷ್ಟ್ರೇ" ಎಂದಳು ಹೊರಗಿನಿಂದ ಎದುರುಮನೆಯ ಅಕ್ಕ. "ಬಾಗಿಲು ತೆಗೀರಿ."

ಮೇಷ್ಟ್ರು ಎದ್ದು ಹೋಗಿ ಬಾಗಿಲು ತೆಗೆದರು.