ವಗ್ದಿ ಮೇಷ್ಟ್ರ ಬುಟ್ಟಿಗೆ ಬೀಳದ ನಿಘಂಟು

ಪಾಠ ಮುಗಿದು ಮಕ್ಕಳೆಲ್ಲ ಚಪ್ಪಲಿ ಮೆಟ್ಟಿಕೊಳ್ಳುವಾಗ ರಬಾಬ್ ಹಿಂತಿರುಗಿ ಬಂದಳು.

"ಮೇಷ್ಟ್ರೇ, 'ಹಾಯ್ಸ್ಟ್' ಅಂದ್ರೇನು? ಅರ್ಥ ಬರೀಬೇಕಂತೆ. ಅದೇ ಅರ್ಥ ಬರೋ ಇನ್ನೂ ಮೂರು ಇಂಗ್ಲಿಷ್ ಪದ ಬರೀಬೇಕಂತೆ. ನಾಳೆ ಸ್ಕೂಲಲ್ಲಿ ಕೊಡ್ಬೇಕು."

ವಗ್ದಿ ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಗೊತ್ತಿಲ್ಲದ ಪದ ಎದುರಾದಾಗಲೆಲ್ಲ ಅವರು ಮಾಡುತ್ತಿದ್ದದ್ದು ಇದನ್ನೇ. ಒರೆಸಿ ಮುಗಿಸುವಷ್ಟರಲ್ಲಿ ಬಾಯಿಗೆ ಏನಾದರೊಂದು ಬಂದುಬಿಡುತ್ತಿತ್ತು. ಇವತ್ತು ಗಾಜು ಹೊಳೆಯಿತು, ತಲೆಗೆ ಮಾತ್ರ ಏನೂ ಹೊಳೆಯಲಿಲ್ಲ.

"ಎಲ್ಲಾ ನಾನೇ ಹೇಳ್ಬಿಟ್ರೆ ನಿನ್ನ ತಲೆ ಇರೋದು ಯಾತಕ್ಕಮ್ಮ? ಹೋಗಿ ಯೋಚ್ನೆ ಮಾಡು. ಐದು ಗಂಟೆಗೆ ಬಾ, ಹೇಳ್ತೀನಿ."

ಕೈರೋದ ಶುಬ್ರಾ ಬಡಾವಣೆಯಲ್ಲಿ, ಒಂದು ಇಕ್ಕಟ್ಟಿನ ಗಲ್ಲಿಯ ನಾಲ್ಕನೆಯ ಮಹಡಿಯಲ್ಲಿ ಅವರು ಹದಿನೈದು ವರ್ಷದಿಂದ ಇಂಗ್ಲಿಷ್ ಮನೆಪಾಠ ಹೇಳುತ್ತಿದ್ದರು. ಹನ್ನೊಂದು ಮಕ್ಕಳು. ಸರ್ಕಾರಿ ಶಾಲೆಯ ಸಂಬಳ ತಿಂಗಳ ಅರ್ಧಕ್ಕೆ ಉಸಿರು ಬಿಟ್ಟರೆ, ಉಳಿದರ್ಧ ನಡೆಯುತ್ತಿದ್ದದ್ದು ಈ ಹನ್ನೊಂದು ತಲೆಗಳ ಮೇಲೆ. ಮೇಷ್ಟ್ರಿಗೆ ಪಾಠಕ್ಕಿಂತ ದೊಡ್ಡದಾಗಿದ್ದದ್ದು ಬಾಯಿ. "ನಿಘಂಟು ಇರೋದು ಗೊತ್ತಿಲ್ಲದೋರಿಗೆ. ನನ್ನದು ಇಲ್ಲಿದೆ" ಎಂದು ಹಣೆ ತಟ್ಟಿಕೊಂಡು ಗಲ್ಲಿಗೆಲ್ಲ ಸಾರಿದ್ದರು. ಹೀಗೆ ಸಾರಿಕೊಂಡವನು ಕಂಕುಳಲ್ಲಿ ನಿಘಂಟು ಇರುಕಿಕೊಂಡು ಮೆಟ್ಟಿಲು ಹತ್ತುವುದು ಹೇಗೆ?

ನಿಜವಾಗಿ ಅವರಲ್ಲಿ ಒಂದು ನಿಘಂಟು ಇತ್ತು. ಫ್ರಿಜ್ಜಿನ ಮುರಿದ ಕಾಲಿನ ಕೆಳಗಿತ್ತು. ಎಳೆದು ನೋಡಿದರೆ ನೀರು ಕುಡಿದು ಕುಡಿದು ಹಾಳೆಗಳೆಲ್ಲ ಅಂಟಿಕೊಂಡಿದ್ದವು. ಚಾಕುವಿನಿಂದ ತುಂಡು ಮಾಡಬಹುದಿತ್ತು, ಓದುವಂತಿರಲಿಲ್ಲ. ಅಷ್ಟರಲ್ಲಿ ಆಸರೆ ತಪ್ಪಿದ ಫ್ರಿಜ್ಜು ವಾಲಿ ಒಳಗಿದ್ದ ಮೊಟ್ಟೆಗಳಷ್ಟೂ ಒಡೆದವು. ಹೆಂಡತಿ ಫಿಕ್ರಿಯಾ ತಂಗಿಯ ಮನೆಗೆ ಹೋಗಿದ್ದದ್ದೇ ಪುಣ್ಯ.

ಉಳಿದದ್ದು ಒಂದೇ ದಾರಿ, ಬುಟ್ಟಿ. ಬಾಲ್ಕನಿಯ ನೇರ ಕೆಳಗೆ ಬುಶ್ರಾನ ಹಳೆ ಪುಸ್ತಕದ ಅಂಗಡಿ. ಮೇಷ್ಟ್ರು ಚೀಟಿ ಬರೆದರು: 'ದೊಡ್ಡದೊಂದು ಇಂಗ್ಲಿಷ್ ನಿಘಂಟು ಸುತ್ತಿ ಬುಟ್ಟಿಗೆ ಹಾಕು. ಯಾರಿಗೂ ಹೇಳಬೇಡ. ವಗ್ದಿ.' ಬುಟ್ಟಿಯನ್ನು ಹಗ್ಗದಲ್ಲಿ ಕೆಳಗಿಳಿಸಿದರು. ಅಂಗಡಿ ಸಾಮಾನು ತರಿಸಲು ಹೆಂಡತಿ ದಿನಾ ಮಾಡುವ ಕೆಲಸ ಅದು. ಇವರ ಕೈಯಲ್ಲಿ ಬುಟ್ಟಿ ಮೂರನೆಯ ಮಹಡಿಯ ಇನ್‌ಷಿರಾಹ್ ಮೇಡಂ ಒಣಗಿಸಿದ್ದ ಲಂಗಕ್ಕೆ ಸಿಕ್ಕಿಕೊಂಡು, ಲಂಗದ ಸಮೇತ ಕೆಳಗೆ ಹೋಯಿತು.

ಬುಶ್ರಾ ಲಂಗವನ್ನು ಪಕ್ಕಕ್ಕಿಟ್ಟು ಚೀಟಿ ಓದಿದ. ತಲೆಯೆತ್ತಿ ಇಡೀ ಗಲ್ಲಿಗೆ ಕೇಳುವಂತೆ ಕೂಗಿದ, "ಮೇಷ್ಟ್ರೇ, ಅರಬ್ಬೀಲಿ ಅರ್ಥ ಇರೋದು ಬೇಕಾ, ಬರೀ ಇಂಗ್ಲಿಷೇ ಸಾಕಾ?"

ಎದುರು ಬಾಲ್ಕನಿಯಲ್ಲಿ ಎರಡು ತಲೆ ಕಾಣಿಸಿಕೊಂಡವು. ಮೇಷ್ಟ್ರ ಬಾಯಿಗೆ ತೋಚಿದ್ದು, "ಈರುಳ್ಳಿ ಬುಶ್ರಾ, ಈರುಳ್ಳಿ ಕೇಳಿದ್ದು."

"ನಂದು ಪುಸ್ತಕದಂಗ್ಡಿ ಅಲ್ವಾ ಮೇಷ್ಟ್ರೇ? ಇಲ್ಲಿ ಈರುಳ್ಳಿ ಎಲ್ಲಿಂದ ತರ್ಲಿ?"

"ನನ್ಹತ್ರ ಇದೆ ಬಿಡಣ್ಣ, ಎಷ್ಟು ಬೇಕು?" ಎಂದು ತರಕಾರಿ ಗಾಡಿಯ ಅಂತರ್ ನಡುವೆ ಬಂದು, ಉತ್ತರಕ್ಕೂ ಕಾಯದೆ ಬುಟ್ಟಿಗೆ ಈರುಳ್ಳಿ ಸುರಿಯತೊಡಗಿದ. ಅದೇ ಹೊತ್ತಿಗೆ ಇನ್‌ಷಿರಾಹ್ ಮೇಡಂ ರೊಟ್ಟಿಗೆಂದು ಇಳಿಸಿದ್ದ ಬುಟ್ಟಿಯೂ ಪಕ್ಕದಲ್ಲೇ ತೂಗುತ್ತಿತ್ತು. ಬುಶ್ರಾ ಜಾಣ. ಇದು ಗುಟ್ಟಿನ ವ್ಯವಹಾರ ಎಂದು ಈಗ ತಾನೇ ಅವನಿಗೆ ಅರ್ಥವಾಗಿತ್ತು. ಈರುಳ್ಳಿ ತುಂಬಿದ ಬುಟ್ಟಿ ಬಿಟ್ಟು, ಖಾಲಿ ಬುಟ್ಟಿಯೂ ಮೇಷ್ಟ್ರದೇ ಎಂದುಕೊಂಡು ಅದಕ್ಕೆ ನಿಘಂಟನ್ನೂ ಚೀಟಿಯನ್ನೂ ಇಟ್ಟು, ಮೇಲೆ ಲಂಗ ಮುಚ್ಚಿ ಕಣ್ಣು ಹೊಡೆದ.

ಮೇಷ್ಟ್ರು ಏದುಸಿರು ಬಿಡುತ್ತ ಎಳೆದರು. ಈರುಳ್ಳಿ ಬಂತು. ಅವನ್ನೆಲ್ಲ ನೆಲಕ್ಕೆ ಸುರಿದು ತಡಕಾಡಿದರು. ಈರುಳ್ಳಿಯೇ.

"ಯಾರದಿದು ನಿಘಂಟು?" ಕೆಳಗಿನ ಬಾಲ್ಕನಿಯಿಂದ ದನಿ ಬಂತು. ಇನ್‌ಷಿರಾಹ್ ಮೇಡಂ ವಿಮಾನ ಕಂಪನಿಯಲ್ಲಿ ಮೂವತ್ತು ವರ್ಷ ಇಂಗ್ಲಿಷಿನಲ್ಲೇ ಜಗಳವಾಡಿ ನಿವೃತ್ತರಾದವರು. ಅವರು ಮೆಟ್ಟಿಲು ಹತ್ತಿಳಿಯುವ ಸದ್ದು ಕೇಳಿದರೆ ಸಾಕು, ಮೇಷ್ಟ್ರು ಬಾಗಿಲು ಹಾಕಿಕೊಂಡು ಪಾಠ ಹೇಳುತ್ತಿದ್ದರು.

"ನನ್ನದಂತೂ ಅಲ್ಲ" ಎಂದರು ಮೇಷ್ಟ್ರು ಮೇಲಿನಿಂದ.

"ಚೀಟೀಲಿ ವಗ್ದಿ ಅಂತಿದೆ."

ಗಲ್ಲಿಯ ಬಾಲ್ಕನಿಗಳಲ್ಲಿ ಈಗ ನಿಲ್ಲಲು ಜಾಗವಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನ್ನೋಣವೆಂದರೆ ಮೇಷ್ಟ್ರಿದ್ದದ್ದು ನಾಲ್ಕನೆಯ ಮಹಡಿ.

"ಯಾವ ಪದ ಬೇಕಿತ್ತು ಮೇಷ್ಟ್ರೇ? ನಾಚ್ಕೋಬೇಡಿ, ಹೇಳಿ."

ಅವರು ಹೇಳಿದರು. ಅಷ್ಟು ಮೆಲ್ಲಗೆ ಅವರು ಜನ್ಮದಲ್ಲಿ ಇಂಗ್ಲಿಷ್ ಮಾತಾಡಿರಲಿಲ್ಲ. ಮೇಡಂ ಹಾಳೆ ತಿರುಗಿಸಿ ಗಟ್ಟಿಯಾಗಿ ಓದಿದರು, "ಹಗ್ಗ ಕಟ್ಟಿ ಮೇಲಕ್ಕೆ ಎಳೆಯುವುದು. ರೇಸ್, ಲಿಫ್ಟ್, ಎಲಿವೇಟ್. ಅಯ್ಯೋ ಮೇಷ್ಟ್ರೇ, ಇಷ್ಟು ಹೊತ್ತೂ ನೀವು ಮಾಡ್ತಿದ್ದದ್ದು ಅದನ್ನೇ ಅಲ್ವಾ?"

ಹಗ್ಗ ಇನ್ನೂ ಅವರ ಕೈಯಲ್ಲೇ ಇತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಐದು ಗಂಟೆಗೆ ರಬಾಬ್ ಒಬ್ಬಳೇ ಬರಲಿಲ್ಲ. ಅವಳ ತಾಯಿಯೂ, ಜೊತೆಗೆ ನಾಲ್ಕೈದು ಮಕ್ಕಳ ತಾಯಂದಿರೂ ಈರುಳ್ಳಿ ದಾಟಿಕೊಂಡು ಒಳಗೆ ಬಂದು ಕೂತರು. ಮೇಷ್ಟ್ರು ನಿಂತೇ ಇದ್ದರು. ಆ ಹೆಂಗಸರು ಬಾಯಿ ಬಿಡುವ ಮೊದಲು ತಾನೇ ಒಪ್ಪಿಕೊಂಡರೆ ಕಿಂಚಿತ್ತಾದರೂ ಮರ್ಯಾದೆ ಉಳಿದೀತು ಅನ್ನಿಸಿತು.

"ನೋಡೀಮ್ಮ, ಸುಳ್ಳು ಹೇಳಲ್ಲ. ನಂಗೆ ಆ ಪದ ಗೊತ್ತಿರ್ಲಿಲ್ಲ. ಅದೊಂದೇ ಅಲ್ಲ, ಎಷ್ಟೋ ಪದ ಗೊತ್ತಿಲ್ಲ. ಹದಿನೈದು ವರ್ಷ ನಿಮ್ಮ ಕಣ್ಣಿಗೆ ಮಣ್ಣೆರಚಿದೆ. ನಾಚಿಕೆಯಾಗ್ತಿದೆ. ಮಕ್ಕಳನ್ನ ಬೇರೆ ಕಡೆ ಸೇರಿಸ್ಕೊಳ್ಳಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಬಾಬಳ ತಾಯಿ ಸೆರಗಿನಂತೆ ತಲೆವಸ್ತ್ರ ಸರಿಮಾಡಿಕೊಂಡು ಅನುನಯದಿಂದ ಹೇಳಿದಳು.

"ಅಯ್ಯೋ, ಅಷ್ಟಕ್ಕೆ ಯಾಕೆ ಬೇಜಾರು ಮಾಡ್ಕೋತೀರಿ? ನಿಮಗೆ ಇಂಗ್ಲಿಷ್ ಬರಲ್ಲ ಅಂತ ಮೊದಲನೇ ವರ್ಷದಿಂದ್ಲೇ ನಮಗೆಲ್ಲ ಗೊತ್ತು ಮೇಷ್ಟ್ರೇ. ನೀವು ಹೇಳ್ಕೊಟ್ಟಿದ್ದನ್ನ ಸ್ಕೂಲಲ್ಲಿ ತಿದ್ದಿಕೊಡ್ತಾರೆ. ಮಧ್ಯಾಹ್ನ ಎರಡು ಗಂಟೆ ಹೊತ್ತು ಮಕ್ಕಳನ್ನ ಹೊರಗೆ ಬಿಡದೆ ಕೂರಿಸ್ಕೋತೀರಲ್ಲ, ನಾವು ಒಂದು ನಿದ್ದೆ ಮಾಡೋದೇ ಆಗ. ಪಾಠ ನಿಲ್ಲಿಸ್ಬಿಡ್ತೀರೇನೋ ಅಂತ ಹೆದರಿ ಓಡಿಬಂದ್ವಿ."

ಉಳಿದವರೆಲ್ಲ ಹೌದೌದೆಂದು ತಲೆಯಾಡಿಸಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

ಹೊರಡುವಾಗ ಆಕೆ ಬಾಗಿಲಲ್ಲಿ ನಿಂತು ಧೈರ್ಯ ತುಂಬುವಂತೆ ಒಂದು ಮಾತು ಸೇರಿಸಿದಳು. "ನಾಳೆಯಿಂದ ನಮ್ಮ ಚಿಕ್ಕವನನ್ನೂ ಕಳಿಸ್ತೀನಿ. ಅವನಿಗಿನ್ನೂ ಮಾತು ಬರಲ್ಲ, ನಿಮ್ಮನ್ನ ಏನೂ ಕೇಳಲ್ಲ."