ದೊಡ್ಡಮ್ಮನ ಚಪ್ಪಲಿ ಪರೀಕ್ಷೆ

ನಮ್ಮ ದೊಡ್ಡಮ್ಮನ ಮನೆಗೆ ಹೋಗುವುದಿದ್ದರೆ ಮುಖ ತೊಳೆಯದಿದ್ದರೂ ಪರವಾಗಿಲ್ಲ, ಚಪ್ಪಲಿ ತೊಳೆದುಕೊಂಡು ಹೋಗಿ! ಹೊಳೆನರಸೀಪುರದ ಆ ಮನೆಯಲ್ಲಿ ನಿಮ್ಮ ಗುಣ, ನಡತೆ ಎಲ್ಲ ತೀರ್ಮಾನವಾಗುವುದು ಬಾಗಿಲಲ್ಲಿ ಬಿಟ್ಟ ಚಪ್ಪಲಿಯಿಂದ. ನೀವು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ದೊಡ್ಡಮ್ಮ ಹಿತ್ತಲಿಂದ ಸುತ್ತಿ ಬಂದು, ಪೊರಕೆಕಡ್ಡಿಯಿಂದ ಅವನ್ನು ಮಗುಚಿ ನೋಡಿರುತ್ತಾಳೆ. ಕೈಯಲ್ಲಿ ಮುಟ್ಟುವುದುಂಟೇ? ಬೇರೆಯವರ ಚಪ್ಪಲಿ ಸೋಕಿದರೂ ಬಚ್ಚಲಿಗೆ ಓಡುವ ಹೆಂಗಸು!

"ಮುಖುಕ್ಕೆ ಪೌಡ್ರು ಬಳ್ಕಬೋದು ಕಣ್ಲಾ, ಚಪ್ಲಿಗೆ ಏನ್ ಬಳ್ಕಂಡಾರು?" ಎಂಬುದು ಅವಳ ವಾದ. ಗೊರೂರಿನ ನೆಂಟರೊಬ್ಬರ ಚಪ್ಪಲಿ ಒಂದೇ ಪಕ್ಕ ಸವೆದಿತ್ತು. "ಈವಯ್ಯ ವಾಲೋ ಗಿರಾಕಿ, ಪಂಚಾಯ್ತಿಗೆ ಮಾತ್ರ ಕರೀಬ್ಯಾಡಿ" ಎಂದು ದೊಡ್ಡಪ್ಪನಿಗೆ ತಾಕೀತಾಯಿತು.

ಒಮ್ಮೆ ನೀರಿನ ಫಿಲ್ಟರ್ ಮಾರುವವನೊಬ್ಬ ಫಳಫಳ ಹೊಳೆಯುವ ಬೂಟು ಬಿಟ್ಟು ಒಳಬಂದ. ದೊಡ್ಡಮ್ಮ ಮರುಳಾಗಿ ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟಳು. ಕಾಫಿ ಅವನ ಹೊಟ್ಟೆಗೆ ಹೋಯಿತು, ಲೋಟ ಚೀಲಕ್ಕೆ ಹೋಯಿತು! ದೊಡ್ಡಪ್ಪ ಮುಸಿಮುಸಿ ನಕ್ಕರೆ ಇವಳು ಸೋಲುತ್ತಾಳೆಯೇ? "ಬೂಟೇನೋ ಒಳ್ಳೇದೇಯ. ಯಾರ್ದೋ ಕದ್ದು ಮೆಟ್ಕೊಂಡ್ ಬಂದಿದ್ದ!"

ಇಂಥ ಮನೆಗೆ ದೊಡ್ಡಮ್ಮನ ಒಬ್ಬಳೇ ಮಗಳನ್ನು, ಅಂದರೆ ನನ್ನ ಅಕ್ಕನನ್ನು ನೋಡಲು ಅರಕಲಗೂಡಿನಿಂದ ಗಂಡು ಬಂತು. ಹಿರಿಯರನ್ನು ಆಮೇಲೆ ಕರೆತಂದರಾಯಿತೆಂದು ತಾಯಿ, ಮಗ ಇಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಹಾಸನದ ಒಂದೇ ಶಾಲೆಯಲ್ಲಿ ಪಾಠ ಹೇಳುವ ಹುಡುಗ, ಹುಡುಗಿ ಪರಸ್ಪರ ಆಗಲೇ ಒಪ್ಪಿಯಾಗಿತ್ತು. ದೊಡ್ಡಮ್ಮ ಹೂಂ ಎನ್ನುವುದೊಂದೇ ಬಾಕಿ.

ಪರೀಕ್ಷೆ ಮುಗಿಸಿ, ನಾನಿದ್ದ ಅಡುಗೆಮನೆಗೆ ಬಂದವಳೇ ಕೇಸರಿಬಾತಿನ ಒಲೆ ಆರಿಸಿಬಿಟ್ಟಳು!

"ಈ ಸಂಬಂಧ ಬ್ಯಾಡ ಕಣ್ಲಾ. ಗಂಡಿನ ಒಂದ್ ಕಾಲಿಂದು ಸ್ಯಾಂಡ್ಲು, ಇನ್ನೊಂದ್ ಕಾಲಿಂದು ಎಂಗುಸ್ರ ಚಪ್ಲಿ! ಅವರವ್ವುಂದೂ ಅಂಗೇಯ! ಕಾಲ್ಗೆ ಏನ್ ಮೆಟ್ಟಿದೀವಿ ಅಂತ ಗ್ಯಾನ ಇಲ್ದಿರೋರ್ಗೆ ಮಗಳ ಕೊಡಾದಾ?"

ಹೊರಗೆ ಕಾಫಿ ಮಾತ್ರ ಹೋಯಿತು, ಅದೂ ಸ್ಟೀಲ್ ಲೋಟದಲ್ಲಿ. ಅಕ್ಕ ಬಾಗಿಲ ಹಿಂದೆ ಸೆರಗು ಹಿಂಡುತ್ತಾ ನಿಂತಳು. ಹೆಣ್ಣಿನ ತಾಯಿ ಹೊರಗೆ ಬರಲೇ ಇಲ್ಲವೆಂದರೆ ಯಾರಿಗೆ ಅರ್ಥವಾಗುವುದಿಲ್ಲ? ಬಂದವರು ಎದ್ದು ಹೊರಟರು. ಇನ್ನೊಮ್ಮೆ ಚಪ್ಪಲಿ ತೋರಿಸುತ್ತೇನೆಂದು ದೊಡ್ಡಮ್ಮ ನನ್ನನ್ನು ಕಿಟಕಿಗೆ ಎಳೆದಳು.

ಆ ತಾಯಿ ಜಗಲಿಯ ಮೇಲೆ ಕೂತು ಎಡಗಾಲು ಚಾಚಿದರು. ಪಾದ ಬನ್ನಿನಂತೆ ಊದಿತ್ತು. "ಸಕ್ಕರೆ ಕಾಯ್ಲೆ ಅಣ್ಣ, ಬಸ್ಸಲ್ಲಿ ಕುಂತು ಕುಂತು ಊದ್ಕಂತು. ನನ್ ಚಪ್ಲಿ ಇಡಿಸ್ನಿಲ್ಲ, ಅದ್ಕೇ ಇವನ್ದು ಆಕ್ಕಂಡೆ" ಎಂದು ದೊಡ್ಡಪ್ಪನೆದುರು ನಾಚಿಕೊಂಡರು. ಹುಡುಗ ಮಂಡಿಯೂರಿ, ತನ್ನ ಸ್ಯಾಂಡಲ್ಲಿನ ಪಟ್ಟಿ ಸಡಿಲಿಸಿ ಅಮ್ಮನಿಗೆ ತೊಡಿಸಿದ. ಆಮೇಲೆ ಅವರ ಪುಟ್ಟ ಚಪ್ಪಲಿಗೆ ತನ್ನ ಬೆರಳುಗಳನ್ನು ತುರುಕಿಕೊಂಡ. ಹಿಮ್ಮಡಿ ಪೂರ್ತಿ ನೆಲದ ಮೇಲಿತ್ತು.

ಪಕ್ಕಕ್ಕೆ ತಿರುಗಿ ನೋಡಿದರೆ ದೊಡ್ಡಮ್ಮ ಇಲ್ಲ!

ಅವಳು ಆಗಲೇ ಜಗಲಿಯ ಕೆಳಗೆ ಕೂತಿದ್ದಳು. ಹುಡುಗನನ್ನು ಸರಿಸಿ, ತನ್ನ ಕೈಯಿಂದಲೇ ಪಟ್ಟಿ ಬಿಚ್ಚಿ ಸ್ಯಾಂಡಲ್ ಕಳಚಿದಳು.

"ಚಪ್ಲಿ ನೋಡ್ದೆ ಕಣಕ್ಕಾ, ಕಾಲು ನೋಡ್ನಿಲ್ಲ" ಎಂದಳು.

ಬಚ್ಚಲಿಗೆ ಓಡಲಿಲ್ಲ. ಆ ಊದಿದ ಪಾದವನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಸವರುತ್ತಾ ಕೂತಳು. ಬಾಗಿಲ ಹಿಂದಿದ್ದ ಅಕ್ಕ ಗಟ್ಟಿಯಾಗಿ ಅತ್ತುಬಿಟ್ಟಳು.

"ಅಳಾದು ಆಮೇಕೆ" ಎಂದಳು ದೊಡ್ಡಮ್ಮ, ತನ್ನ ಕಣ್ಣೊರೆಸಿಕೊಳ್ಳುತ್ತಾ. "ನಿಮ್ಮತ್ತೆ ಅಸ್ಕೊಂಡವ್ರೆ. ಓಗು, ಒಲೆ ಅಚ್ಚು."