ನಮ್ಮ ಮಗಳ ಫೋನು ಒಯ್ದ ಕುರುಗೋಡು ಬೆಟ್ಟದ ಕೋತಿಯವರಿಗೆ

ಮಾನ್ಯರೇ,

ಬಂಡೆಯ ಮೇಲಿನ ತಮ್ಮ ಸಮಸ್ತ ಸಂಸಾರಕ್ಕೆ ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ಗುರುಸ್ವಾಮಿಯ ನಮಸ್ಕಾರಗಳು. ಈ ಬಿಸಿಲಿನಲ್ಲಿ ತಾವೂ ಮರಿಗಳೂ ನೆರಳು ಹಿಡಿದು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ಕಳೆದ ಭಾನುವಾರ ಬೆಟ್ಟದ ಮೆಟ್ಟಿಲ ಮೇಲೆ ನನ್ನ ಮಗಳು ಸುಧಾರಾಣಿಯ ಕೈಯಿಂದ ತಾವು ಫೋನು ತೆಗೆದುಕೊಂಡಿರಿ. ಅದು ನನ್ನ ದೂರಲ್ಲ. ಹದಿನಾರರ ಹುಡುಗಿಯ ಫೋನಿಗೆ ಲಾಕ್ ಇರಕೂಡದು, ಹಿರಿಯರು ಯಾವಾಗ ಬೇಕಾದರೂ ತೆರೆದು ನೋಡುವಂತಿರಬೇಕು ಎಂದು ನಿಯಮ ಮಾಡಿದವನು ನಾನೇ. ಆ ಹಿರಿಯರಲ್ಲಿ ತಾವೂ ಸೇರುವಿರೆಂದು ಆಗ ಹೊಳೆದಿರಲಿಲ್ಲ. ಮನೆಯಲ್ಲಿ ಮಧ್ಯಾಹ್ನಕ್ಕೇ ಮುಗಿಯುತ್ತಿದ್ದ ಚಾರ್ಜು ತಮ್ಮಲ್ಲಿ ವಾರವಿಡೀ ಉಳಿಯುವುದು ಹೇಗೆಂದೂ ಕೇಳುವುದಿಲ್ಲ.

ಅಂದು ಸಂಜೆಯೇ ತಾವು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಸಾಲು ಠಕಾರ, ಕೊನೆಗೊಂದು ಕಲ್ಲಂಗಡಿ ಚಿತ್ರ ಕಳಿಸಿದಿರಿ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುವ ನನ್ನ ಅಣ್ಣ ಭೀಮರಾಜ ಕೂಡಲೇ ಆಶೀರ್ವಾದ ಮಾಡಿದರು. ಹುಡುಗಿ ಎದುರು ಮಾತಾಡುವುದು ಬಿಟ್ಟು ದಾರಿಗೆ ಬಂದಿದ್ದಾಳೆಂದು ಅತ್ತಿಗೆ ಸಂತೋಷಪಟ್ಟರು. ತಾವು ಮುಖವನ್ನು ತೀರಾ ಹತ್ತಿರದಿಂದ ತೆಗೆದು ಹಾಕಿದಾಗ, "ಥೇಟ್ ನಮ್ಮವ್ವನ ಮಾರಿ" ಎಂದು ಅಣ್ಣ ಬರೆದರು. ನಮ್ಮವ್ವ ವಿರೂಪಮ್ಮ ಅದಕ್ಕೂ ಹೆಬ್ಬೆರಳು ಎತ್ತಿದರು.

ಫೋನು ಕೋತಿಯ ಪಾಲಾಯಿತೆಂದು ಸುಧಾರಾಣಿ ಮೊದಲ ದಿನವೇ ಹೇಳಿದ್ದಳಂತೆ. ನಾವೆಲ್ಲ ನಮ್ಮ ನಮ್ಮ ಫೋನಿನಿಂದ ತಲೆ ಎತ್ತದೆ ಹೂಂ ಎಂದಿದ್ದೆವಂತೆ. ಗುರುವಾರ ನಾನು ಗುಂಪಿನಲ್ಲಿ ತಮ್ಮನ್ನು ಊಟವಾಯಿತೇ ಎಂದು ವಿಚಾರಿಸುತ್ತಿದ್ದಾಗ, ಪಕ್ಕದಲ್ಲೇ ಮಂಡಕ್ಕಿ ತಿನ್ನುತ್ತಿದ್ದ ಅವಳು ಮೆಲ್ಲಗೆ, "ಅಪ್ಪಾ, ಅದು ಕೋತಿ. ನಾ ಇಲ್ಲೇ ಅದೀನಿ," ಎಂದಳು.

ಆಮೇಲೆ ಗುಂಪಿನ ಹಳೆಯ ಸಂದೇಶಗಳನ್ನು ಸರಿಸಿ ನೋಡಿದೆ. ತಾವು ಫೋನು ಕಿತ್ತುಕೊಳ್ಳುವ ಕೆಲವೇ ಕ್ಷಣ ಮುಂಚೆ ಅವಳು ಹಾಕಿದ್ದ ಪ್ರಶ್ನೆ ಅಲ್ಲಿತ್ತು: "ಪಿಯುಸಿಗೆ ಸೈನ್ಸ್ ಬ್ಯಾಡ, ಆರ್ಟ್ಸ್ ತಗೊಂಡು ಹಿಸ್ಟರಿ ಓದ್ಲಾ? ನಾಳೆ ಬಿಟ್ಟು ಮುಂದಿನ ಸೋಮವಾರ ಕೊನೇ ದಿನ." ಕೆಂಚನಗುಡ್ಡದ ಹಳೆಯ ಕಲ್ಲುಗಳನ್ನು ನೋಡಿ ಬಂದಾಗಿನಿಂದ ಅವಳಿಗೆ ಅದೇ ಧ್ಯಾನ. ಎಲ್ಲರೂ ಓದಿದ್ದೆವು, ಯಾರೂ ಉತ್ತರಿಸಿರಲಿಲ್ಲ. ಬುಧವಾರ ಅಣ್ಣ, "ಡಾಕ್ಟರ್ ಆಗ್ತಿ ಅಲ್ಲೇನವಾ?" ಎಂದು ಕೇಳಿದ್ದಕ್ಕೆ ಮಾತ್ರ ತಾವು ಹೆಬ್ಬೆರಳು ಎತ್ತಿಬಿಟ್ಟಿರಿ. ಸಿರುಗುಪ್ಪದಲ್ಲಿ ಈಗ ಸಿಹಿ ಹಂಚಿ ಆಗಿದೆ.

ಇದೇ ನನ್ನ ದೂರು. ಮಗಳಾಗಿ ತಾವು ನಮಗೆ ಬಹಳ ಹಿಡಿಸಿದ್ದೀರಿ: ತಾವು ಏನನ್ನೂ ಕೇಳುವುದಿಲ್ಲ, ಎಲ್ಲದಕ್ಕೂ ಒಪ್ಪುತ್ತೀರಿ. ಆದ್ದರಿಂದ ದಯವಿಟ್ಟು ಆ ಒಪ್ಪಿಗೆಯನ್ನು ಹಿಂಪಡೆಯಿರಿ. ಆಗದಿದ್ದರೆ ವಿಜ್ಞಾನ ವಿಭಾಗಕ್ಕೆ ತಾವೇ ಸೇರಿಕೊಳ್ಳಿ, ಬಾಲಕ್ಕೆ ಜಾಗ ಬಿಟ್ಟು ಸಮವಸ್ತ್ರ ಹೊಲಿಸಿಕೊಡುತ್ತೇನೆ. ಸೋಮವಾರ ಸುಧಾರಾಣಿಯ ಜೊತೆ ಕಾಲೇಜಿಗೆ ನಾನೇ ಹೋಗಿ ಕಲಾ ವಿಭಾಗಕ್ಕೆ ಸೇರಿಸಿ ಬರುತ್ತೇನೆ. ಕೆಲಸ ಮುಗಿಯುವವರೆಗೆ ಅಣ್ಣನವರನ್ನು ಗುಂಪಿನಲ್ಲಿ ಮಾತಿಗೆ ಹಿಡಿದಿಟ್ಟುಕೊಂಡರೆ ತಮ್ಮ ಉಪಕಾರ ಮರೆಯಲಾರೆ.

ಪಕ್ಕದಲ್ಲಿದ್ದ ಮಗಳನ್ನು ಗುರುತಿಸಲು ನಾಲ್ಕು ದಿನ ಹಿಡಿದ ತಂದೆ, ತಮ್ಮ ವಿಶ್ವಾಸಿ,
ಗುರುಸ್ವಾಮಿ

ವಿ.ಸೂ.: ತಾವು ಕೋತಿಯೆಂದು ನಿನ್ನೆ ಗುಂಪಿನಲ್ಲೂ ವಿವರವಾಗಿ ಬರೆದೆ. ಅದಕ್ಕೆ ಯಾರ ಉತ್ತರವೂ ಬಂದಿಲ್ಲ. ಅದರ ಕೆಳಗೆ ತಾವು ಹಾಕಿದ ಬಾಲದ ಫೋಟೋಗೆ ಮಾತ್ರ, ಜಡೆ ಚೆನ್ನಾಗಿ ಹೆಣೆದುಕೊಂಡಿದ್ದೀಯೆಂದು ಅತ್ತಿಗೆ ಮೆಚ್ಚಿಕೊಂಡಿದ್ದಾರೆ.